ಸಾಕು ಎಂದವರ ಎಲೆ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠಕ್ಕೆ ಒಬ್ಬ ಗುರು, ನಿಶ್ಚಲ ಸ್ವಾಮಿಗಳು. ಬಾಯಿ ಬಿಟ್ಟರೆ ಒಂದು ಮಾತು. ಆಮೇಲೆ ಹೊಳೆ ನೋಡುತ್ತ ಕೂತುಬಿಡುವವರು.

ಅವರಿಗೆ ಒಬ್ಬ ಶಿಷ್ಯ, ಪಂಚಾಕ್ಷರಿ. ಗುರುಗಳು ಆಡದೆ ಉಳಿಸಿದ ಮಾತನ್ನೆಲ್ಲ ಇವನೇ ಆಡಿ ತೀರಿಸುತ್ತಿದ್ದ.

ಮಠ ಸೇರುವ ಮುಂಚೆ ಪಂಚಾಕ್ಷರಿ ತಾಲ್ಲೂಕು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ. ಕಾವಿ ಉಟ್ಟ ಮೇಲೂ ಮೇಷ್ಟ್ರು ಅವನ ಮೈ ಬಿಟ್ಟು ಹೋಗಿರಲಿಲ್ಲ. ಗುರುಗಳ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಅಮೆರಿಕದವರಿಗೆ ಮುಟ್ಟಿಸಬೇಕೆಂಬುದು ಅವನ ಹಟ. ವರ್ಷಗಟ್ಟಲೆ ಕೂತು ಬರೆದ. 'ಶ್ರೀ ನಿಶ್ಚಲ ಉಪದೇಶ ಮಹಾಸಾಗರ' ಎಂದು ಹೆಸರಿಟ್ಟ. ಮುಖಪುಟದಲ್ಲಿ ಗುರುಗಳ ಹೆಸರು, ಅದರ ಕೆಳಗೆ ತನ್ನದು. ತನ್ನ ಹೆಸರಿನ ಹಿಂದೆ ವಿದ್ವಾನ್, ಮುಂದೆ ಎಂ.ಎ.

"ಬುದ್ಧಿ, ಇದು ಅಮೆರಿಕದಲ್ಲಿ ಅಚ್ಚಾದರೆ ನನ್ನ ಜನ್ಮ ಸಾರ್ಥಕ," ಎಂದ.

"ಆಗದೆ ಹೋದ್ರೆ?"

ಪಂಚಾಕ್ಷರಿ ಅದನ್ನು ಯೋಚಿಸಿಯೇ ಇರಲಿಲ್ಲ.

ಅಮೆರಿಕದಲ್ಲಿ ಪುಸ್ತಕ ಪ್ರಕಟಿಸುವ ಒಬ್ಬಾಕೆಗೆ ಅವನು ಬಿಡದೆ ಈಮೇಲ್ ಬರೆಯುತ್ತಿದ್ದ. ಹೆಸರು ರೂತ್. ತಲೆಗೂದಲೆಲ್ಲ ಬೆಳ್ಳಗಾದ, ಬೆನ್ನು ನೆಟ್ಟಗಿದ್ದ ಹೆಂಗಸು. ಅವನ ಕಾಟ ತಾಳಲಾರದೆಯೋ ಏನೋ, ಮೈಸೂರು ನೋಡಲು ಬಂದವರು ಮಠಕ್ಕೂ ಬಂದರು. ಬಂದ ಗಳಿಗೆಯಿಂದ ಮಠದವರ ಬಾಯಲ್ಲಿ ಅವರು ರೂತಮ್ಮ ಆದರು.

ರೂತಮ್ಮ ಹೊಳೆಯ ಮೆಟ್ಟಿಲ ಮೇಲೆ ಕೂತು ಮಹಾಸಾಗರವನ್ನು ತೊಡೆಯ ಮೇಲಿಟ್ಟುಕೊಂಡು ಓದಿದರು. ಪಂಚಾಕ್ಷರಿ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತ. ಇಬ್ಬರ ಮಾತೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ಬಹಳ ಹೊತ್ತಿನ ಮೇಲೆ ರೂತಮ್ಮ ತಲೆ ಎತ್ತಿದರು.

"ಇವರು ಯಾವಾಗ ಬರುತ್ತಾರೆ?"

"ಯಾರು?"

"ನಿಮ್ಮ ಗುರುಗಳು. ಇಷ್ಟೊಂದು ಪುಟ ಓದಿದೆ. ಇನ್ನೂ ಬಂದಿಲ್ಲ."

"ಬರುತ್ತಾರೆ. ಮೊದಲು ಗುರುಪರಂಪರೆ. ಆಮೇಲೆ ಹೊಳೆಯ ಮಹಿಮೆ. ಆಮೇಲೆ ಅಲ್ಪಮತಿಯಾದ ನಾನು ಇಂಥ ಸಾಹಸಕ್ಕೆ ಕೈ ಹಾಕಿದ್ದಕ್ಕೆ ಕ್ಷಮಾಪಣೆ. ಅದು ಮುಗಿದ ತಕ್ಷಣ ಬರುತ್ತಾರೆ."

"ಬಂದು ಏನು ಹೇಳುತ್ತಾರೆ?"

"ಕೂತುಕೋ ಅನ್ನುತ್ತಾರೆ."

"ಅಷ್ಟೇನಾ?"

"ಅದರ ಅರ್ಥವನ್ನು ಮುಂದಿನ ಅಧ್ಯಾಯದಲ್ಲಿ ಬಿಡಿಸಿದ್ದೇನೆ. ಅದರ ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಸಲ ಬಿಡಿಸಿದ್ದೇನೆ."

ರೂತಮ್ಮ ಹೊಳೆಯ ಕಡೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಪಂಚಾಕ್ಷರಿಯವರೇ, ನಮ್ಮ ಕಡೆಯ ಓದುಗರು ಅಷ್ಟು ಹೊತ್ತು ಕಾಯುವುದಿಲ್ಲ."

"ಕಾಯದೆ ಎಲ್ಲಿಗೆ ಹೋಗುತ್ತಾರೆ?"

"ಬೇರೆ ಪುಸ್ತಕಕ್ಕೆ."

ಗುರುಗಳು ಬರುವ ಮುಂಚೆಯೇ ಎದ್ದು ಹೋಗುವ ಜನರೂ ಲೋಕದಲ್ಲಿ ಇದ್ದಾರೆ ಎಂಬುದು ಪಂಚಾಕ್ಷರಿಗೆ ಹೊಸ ವಿಷಯ. ಅವನ ಮಟ್ಟಿಗೆ ಕಾಯುವುದೇ ಅರ್ಧ ಭಕ್ತಿ.

"ನಾನು ಶುಕ್ರವಾರ ಹೊರಡುತ್ತೇನೆ," ಎಂದರು ರೂತಮ್ಮ. "ಅಷ್ಟರೊಳಗೆ ಒಂದೇ ಒಂದು ಅಧ್ಯಾಯ, ನಮ್ಮೂರಿನವರು ಕೆಳಗಿಡದೆ ಓದುವ ಹಾಗೆ ಬರೆದುಕೊಡಿ. ಹಾಗೆ ಬಂದರೆ ಪುಸ್ತಕ ಅಚ್ಚು ಹಾಕುತ್ತೇನೆ. ಬರದಿದ್ದರೆ ಇಲ್ಲ."

ಇಲ್ಲ ಎಂಬುದನ್ನು ಅವರು ಹೌದು ಎಂದಷ್ಟೇ ಸಲೀಸಾಗಿ ಹೇಳಿದರು. ನಮ್ಮ ಕಡೆ ಯಾರೂ ಹಾಗೆ ಮುಖದ ಮೇಲೆ ಹೇಳುವುದಿಲ್ಲ. ನೋಡೋಣ ಅನ್ನುತ್ತೇವೆ, ಆಗಲಿ ಅನ್ನುತ್ತೇವೆ, ದೇವರಿದ್ದಾನೆ ಅನ್ನುತ್ತೇವೆ. ಪಂಚಾಕ್ಷರಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಅವನು ನೇರ ಗುರುಗಳ ಹತ್ತಿರ ಹೋದ. ಅವರು ತಮ್ಮ ಪಂಚೆಯನ್ನು ತಾವೇ ಹಿಂಡಿ ಕಲ್ಲಿನ ಮೇಲೆ ಹರವುತ್ತಿದ್ದರು.

"ಬುದ್ಧಿ, ಅಮೆರಿಕದವರಿಗೆ ಹೇಗೆ ಬರೀಬೇಕು?"

"ಇವತ್ತು ಪಂಕ್ತೀಲಿ ನೀನು ಬಡಿಸು."

"ನಾನು ಕೇಳಿದ್ದು ಬರೆಯೋದನ್ನ, ಬುದ್ಧಿ."

"ಸೌಟು ತಗೋ, ಹೋಗು."

ಪಂಚಾಕ್ಷರಿ ಸೌಟು ಹಿಡಿದ. ಬಡಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅದರಲ್ಲೂ ಮೇಷ್ಟ್ರೇ. ಹೆದರಿಸಿ ಬಡಿಸುತ್ತಿದ್ದ.

ಆ ಸೀಮೆಯ ಪಂಕ್ತಿಯ ರೀತಿ ಹೀಗೆ. ಉಣ್ಣುವವರು ಮೊದಲ ಸಲ ಸಾಕು ಎಂದರೆ ಅದು ಮರ್ಯಾದೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಸಲ ಸಾಕು ಎಂದರೆ ಅದು ಸಂಕೋಚ, ಅದನ್ನು ಮುರಿಯುವುದು ಬಡಿಸುವವನ ಧರ್ಮ. ಎಲೆ ಖಾಲಿಯಾದರೆ ಬಡಿಸು ಎಂದರ್ಥ. ನಿಜವಾಗಿ ಸಾಕಾದವರು ಎಲೆಯಲ್ಲಿ ಒಂದಿಷ್ಟು ಬಿಟ್ಟು, ಎಲೆಯನ್ನು ತಮ್ಮ ಕಡೆಗೆ ಮಡಚುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಎಲ್ಲರಿಗೂ ಗೊತ್ತು.

ರೂತಮ್ಮನಿಗೆ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಅವರ ತಾಯಿ ಹೇಳಿಕೊಟ್ಟದ್ದು ಒಂದೇ, ತಟ್ಟೆಯಲ್ಲಿ ಅನ್ನ ಬಿಟ್ಟರೆ ಮನೆಯವರಿಗೆ ಅವಮಾನ.

ಇನ್ನು ಕೇಳಬೇಕೆ.

ಪಂಚಾಕ್ಷರಿ ಒಂದು ಮುದ್ದೆ ಇಟ್ಟ. ರೂತಮ್ಮ ಅದನ್ನು ಸುತ್ತಲಿನವರನ್ನು ನೋಡಿ ನೋಡಿ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿ ಮುಗಿಸಿದರು. ಎಲೆ ಖಾಲಿ. ಇವನು ಇನ್ನೊಂದು ಇಟ್ಟ.

"ಸಾಕು," ಎಂದರು ರೂತಮ್ಮ. ಮಠಕ್ಕೆ ಬಂದು ಕಲಿತ ಮೊದಲ ಕನ್ನಡ ಪದ ಅದು.

ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದು ಪಂಚಾಕ್ಷರಿ ಸಂತೋಷದಿಂದ ಸಾರು ಸುರಿದ.

ರೂತಮ್ಮ ಅದನ್ನೂ ಮುಗಿಸಿದರು. ಅನ್ನ ಬಂತು. ಮುಗಿಸಿದರು. ಪಾಯಸ ಬಂತು. ಮುಗಿಸಿದರು. ಎಲೆ ಮತ್ತೆ ಹೊಳೆಯುವ ಹಾಗೆ ಖಾಲಿ. ಎಂಥ ಅತಿಥಿ ಎಂದು ಪಂಚಾಕ್ಷರಿ ಉಬ್ಬಿಹೋದ. ಎರಡು ಕೈಯನ್ನೂ ಎಲೆಯ ಮೇಲೆ ಅಡ್ಡ ಹಿಡಿದು, ಬಗ್ಗಿ, ಎದೆಯಿಂದ ಎಲೆಯನ್ನು ಮರೆಮಾಡಿ ರೂತಮ್ಮ ಸಾಕು ಸಾಕು ಎನ್ನುತ್ತಿದ್ದರೆ, ಇವನು ಸಂಕೋಚ ಪಡಬೇಡಿ ಎಂದು ಸಾರು ಹಾಕಿಯೇ ಹಾಕಿದ. ಅದು ಅವರ ಕೈಯ ಮೇಲೆ ಬಿದ್ದು ಮುಂಗೈಗೆ ಇಳಿಯಿತು. ಸದ್ಯ, ಆರಿತ್ತು.

ಊಟವಾದ ಮೇಲೆ ರೂತಮ್ಮ ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ಸಂಜೆಯವರೆಗೂ ಹೊರಗೆ ಕಾಣಿಸಲಿಲ್ಲ. ಅಡುಗೆಯ ಮಾದಪ್ಪ ಜೀರಿಗೆ ನೀರು ಕಾಯಿಸಿಕೊಂಡು ಹೋಗಿ ಕೊಟ್ಟು ಬಂದ.

ಗುರುಗಳು ಪಂಚಾಕ್ಷರಿಯನ್ನು ಕರೆದರು.

"ಆಯಮ್ಮ ಏನಂದ್ರು?"

"ಸಾಕು ಅಂದ್ರು, ಬುದ್ಧಿ."

"ನಿನಗೇನು ಕೇಳಿಸ್ತು?"

ಪಂಚಾಕ್ಷರಿ ತಲೆ ಕೆರೆದುಕೊಂಡ. "ಇನ್ನೂ ಬೇಕು ಅಂತ ಕೇಳಿಸ್ತು."

"ನಿನ್ನ ಪುಸ್ತಕ ಅವರಿಗೆ ಜಾಸ್ತಿ ಆಯ್ತು ಅಂದ್ರಾ?"

"ಅಂದ್ರು, ಬುದ್ಧಿ."

ಗುರುಗಳು ಎದ್ದು ಹೊಳೆಯ ಕಡೆಗೆ ಹೋದರು. ಪಂಚಾಕ್ಷರಿ ನಿಂತಲ್ಲೇ ನಿಂತ. ಅವನ ತಲೆಗೆ ಒಂದು ವಿಷಯ ಹೊಕ್ಕಿತು. ಹೊಕ್ಕಿತು ಎಂದರೆ ಅವನ ತಲೆಯ ಲೆಕ್ಕದಲ್ಲಿ. ಅರ್ಧ ಹೊಕ್ಕು ಅಲ್ಲೇ ಸಿಕ್ಕಿಹಾಕಿಕೊಂಡಿತು.

ಸಾಕು ಎಂದರೆ ಸಾಕು. ಅಮೆರಿಕದ ಗುಟ್ಟು ಇಷ್ಟೇ. ಒಂದು ಸಲ ಹೇಳು, ಮುಂದಕ್ಕೆ ಹೋಗು.

ಅವತ್ತೇ ಸಂಜೆ ಅವನು ಮಹಾಸಾಗರವನ್ನು ಮುಂದಿಟ್ಟುಕೊಂಡು ಕೂತ. ಗುರುಪರಂಪರೆಯನ್ನು ಹೊಡೆದು ಹಾಕಿದ. ಹೊಳೆಯ ಮಹಿಮೆಯನ್ನು ಹೊಡೆದು ಹಾಕಿದ. ಕ್ಷಮಾಪಣೆಯನ್ನು ಹೊಡೆದು ಹಾಕುವಾಗ ಮಾತ್ರ ಸ್ವಲ್ಪ ಕಣ್ಣು ತುಂಬಿ ಬಂತು, ಅದು ತುಂಬ ಚೆನ್ನಾಗಿತ್ತು. ಬೆಳಗಾಗುವಷ್ಟರಲ್ಲಿ ಸಾಗರ ಒತ್ತಟ್ಟಿಗಿರಲಿ, ಒಂದು ತಂಬಿಗೆ ನೀರು ಉಳಿದಿತ್ತು.

ಅದನ್ನು ರೂತಮ್ಮನಿಗೆ ಕೊಟ್ಟ. "ಊಟ ಆದ ಮೇಲೆ ಓದುತ್ತೇನೆ," ಎಂದವರು ಊಟ ಎಂಬ ಮಾತು ತಮ್ಮ ಬಾಯಲ್ಲೇ ಬಂದದ್ದಕ್ಕೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು.

ಪಂಚಾಕ್ಷರಿ ಈಗ ಪೂರಾ ಅಮೆರಿಕದವನಾಗಿದ್ದ. ಬರೆಯುವುದರಲ್ಲಿ ಮಾತ್ರ ಅಲ್ಲ. ಹೂವಿನ ಹೆಂಗಸು ಬಂದು, "ಏನ್ ಸ್ವಾಮಿ, ಚೆನ್ನಾಗಿದ್ದೀರಾ, ತಿಂಡಿ ಆಯ್ತಾ?" ಎಂದರೆ "ಹೌದು, ಇಲ್ಲ," ಎಂದು ಎರಡಕ್ಕೂ ಒಟ್ಟಿಗೆ ಉತ್ತರ ಕೊಟ್ಟು ಹೊರಟುಹೋದ. ಅವಳು ಹೂವಿನ ಬುಟ್ಟಿ ಹಿಡಿದುಕೊಂಡು ನೋಡುತ್ತಲೇ ನಿಂತಳು.

ಅವತ್ತು ಮಧ್ಯಾಹ್ನಕ್ಕೆ ಹೊಂಬಾಳೇಗೌಡರು ಬಂದರು. ಹೊಳೆಯಾಚೆಯ ಊರಿನ ಹಿರಿಯರು. ಮಠದ ದಾಸೋಹಕ್ಕೆ ಅಕ್ಕಿ ರಾಗಿ ಬರುತ್ತಿದ್ದದ್ದು ಅವರ ಕಣಜದಿಂದಲೇ. ಜೊತೆಗೆ ನೆಂಟರ ಒಂದು ಗುಂಪು. ಗೌಡರು ಪಡಸಾಲೆಯಲ್ಲಿ ಕೂತು, ಹೆಗಲ ವಲ್ಲಿಯಿಂದ ಮುಖ ಒರೆಸಿಕೊಂಡು, "ಈ ಸಲ ಮಳೆ..." ಎಂದು ಶುರು ಮಾಡಿದರು.

"ಬಂದ ವಿಷಯ ಏನು, ಗೌಡ್ರೇ?" ಎಂದ ಪಂಚಾಕ್ಷರಿ.

ಗೌಡರು ಅವನ ಮುಖವನ್ನೇ ನೋಡಿದರು. ಮಳೆಯಿಂದ ಬೆಳೆಗೆ ಹೋಗಿ, ಬೆಳೆಯಿಂದ ದನಕ್ಕೆ ಹೋಗಿ, ದನದಿಂದ ಮೊಮ್ಮಗಳ ಮದುವೆಗೆ ಬರುವುದು ಅವರ ದಾರಿ. ಆ ದಾರಿಯ ಬಾಯಲ್ಲೇ ಯಾರೋ ಬೇಲಿ ಹಾಕಿದ್ದರು.

"ಏನಿಲ್ಲ ಬುಡಿ," ಎಂದು ಸುಮ್ಮನಾದರು.

ಪಂಕ್ತಿ ಕೂತಿತು. ಪಂಚಾಕ್ಷರಿ ಸೌಟು ಹಿಡಿದು ಬಂದ. ಗೌಡರಿಗೆ ಪಾಯಸ ಎಂದರೆ ಪ್ರಾಣ. ಮಠಕ್ಕೆ ಬರುವುದು ಗುರುಗಳ ದರ್ಶನಕ್ಕೋ ಪಾಯಸಕ್ಕೋ ಎಂದು ಅವರ ಹೆಂಡತಿಯೇ ಹಾಸ್ಯ ಮಾಡುತ್ತಿದ್ದರು. ಪಂಚಾಕ್ಷರಿ ಒಂದು ಸೌಟು ಹಾಕಿದ. ಗೌಡರು ವಾಡಿಕೆಯಂತೆ ಕೈ ಅಡ್ಡ ತಂದರು.

"ಸಾಕು ಸಾಕು."

"ಸರಿ," ಎಂದು ಪಂಚಾಕ್ಷರಿ ಮುಂದಿನ ಎಲೆಗೆ ಹೋದ.

ಗೌಡರ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಅವರ ಆಯುಸ್ಸಿನಲ್ಲಿ ಇಂಥದ್ದು ನಡೆದಿರಲಿಲ್ಲ. ಪಕ್ಕದ ನೆಂಟರೂ ಸಾಕು ಎಂದರು. ಸರಿ. ಅದರಾಚೆಯವರೂ ಎಂದರು. ಸರಿ. ಹೀಗೆ ಮುದ್ದೆಗೂ ಸರಿ, ಅನ್ನಕ್ಕೂ ಸರಿ, ಮಜ್ಜಿಗೆಗೂ ಸರಿ. ಪಂಕ್ತಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಎದ್ದಿತು. ಇಷ್ಟು ಬೇಗ ಬಡಿಸಿ ಮುಗಿಸಿದ್ದು ಇದೇ ಮೊದಲು ಎಂದು ಪಂಚಾಕ್ಷರಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಗೌಡರು ಗುರುಗಳಿಗೆ ಅಡ್ಡಬಿದ್ದರು. "ತೃಪ್ತಿಯಾಯ್ತು ಬುದ್ಧಿ," ಎಂದು ನೆಂಟರನ್ನು ಕರೆದುಕೊಂಡು ಹೊರಟರು.

ರೂತಮ್ಮ ಹಾಳೆ ಹಿಡಿದುಕೊಂಡು ಬಂದರು. ಅವತ್ತು ಅವರು ಬರೀ ಬಾಳೆಹಣ್ಣಿನಲ್ಲಿ ಊಟ ಮುಗಿಸಿದ್ದರು.

"ಇದು ತುಂಬ ಸ್ಪಷ್ಟವಾಗಿದೆ," ಎಂದರು.

ಪಂಚಾಕ್ಷರಿಯ ಮುಖ ಅರಳಿತು.

"ಮನಸ್ಸು ಶಾಂತವಾಗಲು ಉಪಾಯಗಳು. ಮೊದಲನೆಯದು, ಕೂತುಕೊಳ್ಳಿ. ಚೆನ್ನಾಗಿದೆ. ಆದರೆ ಇಂಥವು ನಮ್ಮಲ್ಲಿ ವಿಮಾನ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತವೆ, ಪಂಚಾಕ್ಷರಿಯವರೇ. ಇದಕ್ಕೆ ನಾನು ಹೊಳೆ ದಂಡೆಗೆ ಬರಬೇಕಿರಲಿಲ್ಲ. ನಿಮ್ಮ ಗುರುಗಳು ಎಲ್ಲಿ?"

"ಅವರು ಅಡ್ಡ ಬರುತ್ತಿದ್ದರು. ತೆಗೆದೆ."

ರೂತಮ್ಮ ಹಾಳೆಗಳನ್ನು ಅವನ ಕೈಗೆ ವಾಪಸು ಕೊಟ್ಟರು.

"ಮೊದಲನೆಯದರಲ್ಲಿ ಅವರು ಇನ್ನೂ ಬಂದಿರಲಿಲ್ಲ. ಇದರಲ್ಲಿ ಹೊರಟೇ ಹೋಗಿದ್ದಾರೆ," ಎಂದರು. "ನಾಳೆ ಬೆಳಗ್ಗೆ ನನ್ನ ಕಾರು ಬರುತ್ತದೆ. ನನಗೂ ಬೇಜಾರು. ನಿಮ್ಮ ಪುಸ್ತಕ ನಮ್ಮಿಂದ ಆಗುವುದಿಲ್ಲ ಅನ್ನಿಸುತ್ತದೆ."

ಪಂಚಾಕ್ಷರಿ ಹಾಳೆಗಳನ್ನು ಸುರುಳಿ ಸುತ್ತಿದ. ಅಲ್ಲೇ ಕಂಬಕ್ಕೆ ಒರಗಿ ಕೂತ. ಉದ್ದ ಬರೆದರೂ ಇಲ್ಲ, ಗಿಡ್ಡ ಬರೆದರೂ ಇಲ್ಲ. ಇಷ್ಟು ವರ್ಷ ಬೆಳಗಿನ ಜಾವ ಎದ್ದು ಬರೆದದ್ದೆಲ್ಲ ನೀರಿಗೆ ಹೋಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಅಡುಗೆಯ ಮಾದಪ್ಪ ಏದುಸಿರು ಬಿಡುತ್ತ ಬಂದು ಗುರುಗಳ ಮುಂದೆ ನಿಂತ.

"ಬುದ್ಧಿ, ಗೌಡ್ರ ಕಡೆಯೋರೆಲ್ಲ ಸೇತುವೆ ಹೋಟ್ಲಲ್ಲಿ ಕುಂತು ಬೋಂಡ ತಿಂತಾವ್ರೆ."

"ಯಾಕಂತೆ?"

"ಯಾಕೆ ಅಂದ್ರೆ? ಹಸಿವಿಗೆ, ಬುದ್ಧಿ. ಒಳಗೆ ನೋಡಿದ್ರೆ ಪಾಯಸದ ಪಾತ್ರೆ ತುಂಬಿದಂಗೇ ಐತೆ."

ಗುರುಗಳು ಪಂಚಾಕ್ಷರಿಯ ಕಡೆ ತಿರುಗಿದರು.

"ಅವರು ಏನಂದ್ರು?"

"ಸಾಕು ಅಂದ್ರು, ಬುದ್ಧಿ." ಇಷ್ಟು ಹೇಳಿ ಅವನು ಅಡುಗೆಮನೆಯ ಕಡೆ ತಿರುಗಿ ನೋಡಿದ. "ಸಾಕು ಅಂತಲೇ ನನಗೆ ಕೇಳಿಸ್ತು."

ಗುರುಗಳು ಎದ್ದರು. ಒಳಗೆ ಹೋದರು. ಪಾಯಸದ ಪಾತ್ರೆಯನ್ನು ತಾವೇ ಎತ್ತಿ ತಂದು, ಸಿಂಬೆ ಸುತ್ತಿ ಪಂಚಾಕ್ಷರಿಯ ತಲೆಯ ಮೇಲಿಟ್ಟರು. ಸೌಟನ್ನು ತಾವು ಹಿಡಿದುಕೊಂಡರು.

"ನಡಿ."

ಹೀಗೆ ಹೊರಟಿತು ಮೆರವಣಿಗೆ. ಮುಂದೆ ಸೌಟು ಹಿಡಿದ ಗುರು, ಹಿಂದೆ ಪಾತ್ರೆ ಹೊತ್ತ ಶಿಷ್ಯ, ಅವನ ಹಿಂದೆ ಏನು ನಡೆಯುತ್ತಿದೆ ಎಂದು ತಿಳಿಯದೆ ಛತ್ರಿ ಹಿಡಿದು ಬರುವ ರೂತಮ್ಮ. ದಾರಿಯಲ್ಲಿ ಸಿಕ್ಕವರು ಅಡ್ಡಬೀಳುವುದೋ ನಗುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು.

ಹೋಟೆಲಿನಲ್ಲಿ ಗುರುಗಳನ್ನು ಕಂಡ ಗೌಡರು ಬೋಂಡವನ್ನು ವಲ್ಲಿಯ ಒಳಗೆ ಮುಚ್ಚಿಟ್ಟುಕೊಂಡು ಎದ್ದು ನಿಂತರು.

"ಏನಿಲ್ಲ ಬುದ್ಧಿ. ಮಕ್ಳು ಬೋಂಡ ಬೋಂಡ ಅಂತ ಹಟ ಹಿಡಿದ್ವು, ಅದಕ್ಕೆ."

ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಮೀಸೆ ನರೆತಿತ್ತು.

"ಕೂತ್ಕೊಳ್ಳಿ," ಎಂದರು ಗುರುಗಳು. ತಾವೂ ಒಂದು ಬೆಂಚಿನ ತುದಿಯಲ್ಲಿ ಕೂತರು. ಸೌಟನ್ನು ಶಿಷ್ಯನ ಕೈಗೆ ಕೊಟ್ಟರು. "ಬಡಿಸು."

ಪಂಚಾಕ್ಷರಿ ಸೌಟು ತುಂಬಿಸಿ ಗೌಡರ ಹತ್ತಿರ ಹೋದ. ಗೌಡರು ತಟ್ಟೆಯ ಮೇಲೆ ಕೈ ಇಟ್ಟರು.

"ಬ್ಯಾಡಿ ಸ್ವಾಮಿ. ಹೊಟ್ಟೆ ತುಂಬೈತೆ."

ಸೌಟು ಗಾಳಿಯಲ್ಲಿ ನಿಂತಿತು. ಹಾಕಿದರೆ ನಿನ್ನೆಯ ಪಾಡು, ಬಿಟ್ಟರೆ ಇವತ್ತಿನ ಪಾಡು. ಪಾಯಸ ಸೌಟಿನ ಅಂಚಿನಿಂದ ಅವನ ಕಾಲಿನ ಮೇಲೆ ತೊಟ್ಟಿಕ್ಕತೊಡಗಿತು.

"ಬುದ್ಧಿ, ಬೇಡ ಅಂತಿದ್ದಾರೆ. ಹಾಕ್ಲೋ, ಬಿಡ್ಲೋ?"

"ನನ್ನ ಯಾಕೆ ಕೇಳ್ತೀಯ? ಉಣ್ಣೋರು ಅಲ್ಲಿದ್ದಾರೆ."

ಪಂಚಾಕ್ಷರಿ ತಿರುಗಿ ಗೌಡರನ್ನು ನೋಡಿದ. ಇಷ್ಟು ವರ್ಷ ಬಡಿಸಿದ್ದ, ಒಂದು ದಿನವೂ ಉಣ್ಣುವವರ ಮುಖ ನೋಡಿರಲಿಲ್ಲ. ಅವನ ಕಣ್ಣೆಲ್ಲ ಸೌಟಿನ ಮೇಲೆ, ತಾನು ಬಡಿಸುವ ಚಂದದ ಮೇಲೆ ಇರುತ್ತಿತ್ತು.

ಗೌಡರ ಬಾಯಿ ಬೇಡ ಎನ್ನುತ್ತಿತ್ತು. ಕಣ್ಣು ಪಾಯಸದಲ್ಲಿತ್ತು. ಕೈ ತಟ್ಟೆಯ ಮೇಲೆ ಅಡ್ಡವಾಗಿತ್ತು, ಆದರೆ ಬೆರಳುಗಳು ಅಗಲವಾಗಿ ಬಿಟ್ಟಿದ್ದವು. ಆ ಸಂದಿಯಲ್ಲಿ ಒಂದು ಸೌಟು ಪಾಯಸ ಧಾರಾಳವಾಗಿ ಇಳಿಯಬಹುದಿತ್ತು.

ಅವನು ಸೌಟು ಬಗ್ಗಿಸಿದ. ಕೈ ತಾನಾಗಿ ಪಕ್ಕಕ್ಕೆ ಸರಿಯಿತು.

"ಅಯ್ಯಯ್ಯೋ, ಸಾಕು ಸಾಕು," ಎಂದು ಗೌಡರು ಕುಡಿದು ಮುಗಿಸಿದರು.

ಇನ್ನೊಂದು ಸೌಟಿಗೂ ಬೆರಳು ಬಿಟ್ಟೇ ಇದ್ದವು. ಅದರ ಮುಂದಿನದಕ್ಕೆ ಪಂಚಾಕ್ಷರಿ ಬಗ್ಗಿದಾಗ ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗೌಡರ ಬಾಯಲ್ಲಿ ಅದೇ ಸಾಕು, ಅದೇ ರಾಗ. ಪಂಚಾಕ್ಷರಿ ಸೌಟನ್ನು ಹಿಂದಕ್ಕೆ ತೆಗೆದುಕೊಂಡ. ಗೌಡರು ನಿಡಿದಾಗಿ ತೇಗಿ, "ಈ ಸಲ ಮಳೆ ನೋಡಿ ಸ್ವಾಮಿ..." ಎಂದು ಶುರು ಮಾಡಿದರು. ಮೊಮ್ಮಗಳ ಮದುವೆ ಬರುವ ತನಕ ಪಂಚಾಕ್ಷರಿ ಸೌಟು ಹಿಡಿದು ನಿಂತು ಕೇಳಿದ.

ಆಗ ಅವನಿಗೆ ಹಿಂದಿನ ದಿನದ ಎರಡು ಕೈ ಕಣ್ಣ ಮುಂದೆ ಬಂದವು. ರೂತಮ್ಮನ ಕೈ. ಬೆರಳುಗಳು ಮುಚ್ಚಿದ ಬಾಗಿಲಿನ ಹಾಗೆ ಬಿಗಿಯಾಗಿದ್ದವು. ಅದರ ಮೇಲೆ ತಾನು ಸಾರು ಸುರಿದಿದ್ದ. ಅವನಿಗೆ ನಾಚಿಕೆಯಾಯಿತು.

ಗುರುಗಳು ಗೌಡರ ಜೊತೆ ಉಳಿದರು. ಪಂಚಾಕ್ಷರಿ ಮಿಕ್ಕವರಿಗೂ ಬಡಿಸಿ ಮುಗಿಸಿ, ಖಾಲಿ ಪಾತ್ರೆ ಹೊತ್ತು ರೂತಮ್ಮನ ಜೊತೆ ವಾಪಸು ಹೊರಟ.

"ಅಲ್ಲಿ ಏನಾಯಿತು?" ಎಂದರು ರೂತಮ್ಮ.

ಪುಸ್ತಕ ಹೇಗೂ ಕೈ ಬಿಟ್ಟಿತ್ತು. ಇನ್ನು ಮೇಷ್ಟ್ರಾಗಿ ಆಗಬೇಕಾದ್ದು ಏನೂ ಇರಲಿಲ್ಲ. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಹೇಳುತ್ತ ಅವರ ಮುಖ ನೋಡುತ್ತಿದ್ದ. ಹುಬ್ಬು ಗಂಟಾದ ಕಡೆ ನಿಂತು, ಎಲೆ ಮಡಚುವುದು ಎಂದರೇನು, ಮೊದಲ ಸಾಕಿಗೆ ಯಾಕೆ ಬೆಲೆ ಇಲ್ಲ ಎಂದು ಒಂದು ಮಾತು ಸೇರಿಸಿದ. ಆಗಲೇ ತಿಳಿದು ನಗುತ್ತಿದ್ದ ಕಡೆ ಬಿಟ್ಟು ಮುಂದಕ್ಕೆ ಹೋದ. ಎಲ್ಲೂ ಕ್ಷಮೆ ಕೇಳಲಿಲ್ಲ. ನೆನಪೇ ಆಗಲಿಲ್ಲ.

"ಹಾಗಾದರೆ ನಾನು ಎಲೆ ಖಾಲಿ ಮಾಡಿದಷ್ಟೂ..."

"ನಾನು ತುಂಬಿಸುತ್ತಿದ್ದೆ. ಎಂಥ ದೊಡ್ಡ ಮನಸ್ಸಿನ ಹೆಂಗಸು ಅಂದುಕೊಂಡೆ."

ರೂತಮ್ಮ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. ಹಿಂದಿನ ದಿನವೂ ಅವರು ಹೊಟ್ಟೆ ಹಿಡಿದುಕೊಂಡಿದ್ದರು, ಆದರೆ ಅದು ಬೇರೆ.

"ಆಮೇಲೆ?" ಎಂದರು.

ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಪಂಚಾಕ್ಷರಿ ಹೇಳಿದ. ಹೇಳಿ ಮುಗಿದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು.

"ಇದನ್ನೇ ಬರೆಯಿರಿ," ಎಂದರು ರೂತಮ್ಮ. "ಈಗ ಹೇಳಿದ ಹಾಗೆ. ನಾಳೆ ನಾನು ಹೊರಡುವುದರೊಳಗೆ."

"ಇದರಲ್ಲಿ ಉಪದೇಶವೇ ಇಲ್ಲವಲ್ಲ?"

"ಇದರಲ್ಲಿ ನಿಮ್ಮ ಗುರುಗಳು ಇದ್ದಾರೆ. ಸೌಟು ಹಿಡಿದುಕೊಂಡು ಮುಂದೆ ಹೋಗುತ್ತಿದ್ದಾರೆ."

ಶುಕ್ರವಾರ ಬೆಳಗ್ಗೆ ಕಾರು ಬಂದು ನಿಂತಿತ್ತು. ರೂತಮ್ಮ ಬಾಗಿಲಲ್ಲಿ ನಿಂತೇ ಓದಿದರು. ಡ್ರೈವರು ಹಾರನ್ ಮಾಡಿದರೂ ತಲೆ ಎತ್ತಲಿಲ್ಲ. ಓದಿ ಮುಗಿಸಿ ಹಾಳೆಗಳನ್ನು ಜೋಪಾನವಾಗಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಇದು ಮೊದಲನೆಯ ಅಧ್ಯಾಯ. ಮಿಕ್ಕದ್ದನ್ನೂ ಹೀಗೇ ಬರೆದು ಕಳಿಸಿ. ಅಚ್ಚು ಹಾಕುತ್ತೇನೆ," ಎಂದರು. ಗುರುಗಳಿಗೆ ಕೈ ಮುಗಿದು ಕಾರು ಹತ್ತಿದರು.

ಕಾರಿನ ಧೂಳು ಇಳಿದ ಮೇಲೂ ಪಂಚಾಕ್ಷರಿಯ ಕಾಲು ನೆಲದ ಮೇಲೆ ಇರಲಿಲ್ಲ. ಹೂವಿನ ಹೆಂಗಸು ಬಂದಾಗ ಅವಳ ಮನೆಯ ಬೆಕ್ಕಿನ ಕ್ಷೇಮವನ್ನೂ ವಿಚಾರಿಸಿದ.

ಮಧ್ಯಾಹ್ನದ ಹೊತ್ತಿಗೆ ಅವನು ತನ್ನ ಹತ್ತಿರ ಉಳಿದಿದ್ದ ಕರಡನ್ನು ತೆಗೆದು ಇನ್ನೊಂದು ಸಲ ಓದಿದ. ಮುಖ ಮೆಲ್ಲಗೆ ಸಪ್ಪಗಾಯಿತು. ಮತ್ತೊಂದು ಸಲ ಓದಿದ. ಎದ್ದು ಹೊಳೆಯ ಮೆಟ್ಟಿಲಿಗೆ ಹೋಗಿ ಗುರುಗಳ ಹಿಂದೆ ನಿಂತ.

"ಬುದ್ಧಿ, ಪುಸ್ತಕ ಅಚ್ಚಾಗುತ್ತೆ."

"ಒಳ್ಳೇದು."

ಪಂಚಾಕ್ಷರಿ ಹೋಗಲಿಲ್ಲ. ಕಾಲಿನಿಂದ ಕಾಲಿಗೆ ಭಾರ ಬದಲಿಸಿದ.

"ಇನ್ನೇನು?"

"ಮುಖಪುಟದಲ್ಲಿ ವಿದ್ವಾನ್ ಅಂತ ಹಾಕ್ಕೊಂಡಿದ್ದೀನಿ. ಒಳಗೆ ನೋಡಿದ್ರೆ ಶುರುವಿನಲ್ಲೇ ಬಂದ ಅತಿಥಿ ಕೈ ಮೇಲೆ ಸಾರು ಸುರೀತೀನಿ. ಪುಟ ತಿರುಗಿಸಿದ್ರೆ ಗೌಡರನ್ನ ಉಪವಾಸ ಕಳಿಸ್ತೀನಿ. ಆಮೇಲೆ ತಲೆ ಮೇಲೆ ಪಾತ್ರೆ ಹೊತ್ಕೊಂಡು ಬೀದೀಲಿ ಬರ್ತೀನಿ."

"ಸುಳ್ಳು ಬರೆದಿದ್ದೀಯಾ?"

"ಇಲ್ಲ ಬುದ್ಧಿ."

"ಮತ್ತೆ?"

"ನಿಮ್ಮ ಮಾತು ನೋಡಿದ್ರೆ ಒಂದು ಮುಷ್ಟಿಯಷ್ಟೂ ಇಲ್ಲ. ಪುಸ್ತಕದ ತುಂಬ ನಾನೇ ಎಡವಿ ಎಡವಿ ಬೀಳ್ತಾ ಇದ್ದೀನಿ." ಈ ಪುಸ್ತಕ ಹಿಡಿದುಕೊಂಡು ಅಮೆರಿಕದವರು ತನಗೆ ಕೈ ಮುಗಿಯುವುದನ್ನು ಅವನು ಎಷ್ಟು ಸಲ ಕಣ್ಣಲ್ಲಿ ಕಂಡಿದ್ದನೋ. "ಅಲ್ಲಿ ಓದೋರೆಲ್ಲ, ಗುರುಗಳ ಪುಸ್ತಕದಲ್ಲಿ ಈ ದಡ್ಡನಿಗೇನು ಕೆಲಸ ಅಂತಾರೆ. ಇನ್ನೂ ಹೊತ್ತು ಮೀರಿಲ್ಲ ಬುದ್ಧಿ. ಈಮೇಲ್ ಮಾಡ್ತೀನಿ. ಆ ದಡ್ಡನನ್ನ ತೆಗೆದುಬಿಟ್ಟು ಬರೀ ನಿಮ್ಮ ಮಾತು ಇಟ್ಟುಬಿಡ್ಲಾ?"

ಗುರುಗಳು ಹೊಳೆಯಿಂದ ಕಣ್ಣು ತೆಗೆದು ಅವನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ತಮ್ಮ ಪಕ್ಕದ ಮೆಟ್ಟಿಲನ್ನು ಅಂಗೈಯಿಂದ ಒರೆಸಿ ಅವನಿಗೆ ಜಾಗ ಮಾಡಿಕೊಟ್ಟರು.

"ಇರ್ಲಿ ಬಿಡಪ್ಪ. ಅಷ್ಟು ದೂರದಲ್ಲಿ ಕೂತು ಓದೋರಿಗೆ, ಪುಸ್ತಕದೊಳಗೆ ತಮ್ಮ ಹಾಗೇ ಎಡವೋನು, ತಮ್ಮ ಕಡೆಯವನು ಅಂತ ಒಬ್ಬ ಬೇಡ್ವಾ?"